ಮಾವನ ಮೀನಿನ ಭಾನುವಾರಗಳು

ನಮ್ಮ ಸೋದರಮಾವ ಹೋಟೆಲಿಗೆ ಕಾಲಿಟ್ಟರೆ ಮೀನಿಗಿಂತ ಮೊದಲು ಬೇಯುವುದು ಸರ್ವರ್. ಇದು ಕೇಳಿದ ಮಾತಲ್ಲ, ಎದುರಿಗೆ ಕೂತು ಕಣ್ಣಾರೆ ಕಂಡದ್ದು. ನಾನು ಸೋಂಪುರದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ದಿನವಿಡೀ ಬೋಲ್ಟು ನಟ್ಟುಗಳನ್ನು ಅಳೆದು ಕೆಟ್ಟದ್ದನ್ನು ಆಚೆಗೆಸೆಯುವುದೇ ನನ್ನ ಉದ್ಯೋಗ. ಆದರೂ ಮಾವ ಒಂದು ಸಿಗಡಿಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮೂಸಿ, ಮತ್ತೆ ತಿರುಗಿಸಿ ನೋಡುವ ಪರಿ ಕಂಡರೆ ನನ್ನ ಹನ್ನೆರಡು ವರ್ಷದ ಸರ್ವಿಸ್ಸು ದಂಡ ಅನ್ನಿಸಿಬಿಡುತ್ತದೆ.

ಮಾವ ದೇವನಹಳ್ಳಿ ಪಕ್ಕದ ವಿಜಯಪುರದವರು. ಮೂವತ್ತೈದು ವರ್ಷ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚಿದವರು. ಕುದಿಯುವ ನೀರಿನಲ್ಲಿ ಕೈಯಾಡಿಸಿ ಆಡಿಸಿ ಅವರ ಬೆರಳುಗಳಿಗೆ ಬಿಸಿ ಅನ್ನುವುದೇ ಮರೆತುಹೋಗಿದೆ. ಕೆಂಡದಂಥ ಕಾವಲಿಯಿಂದ ಇಳಿದ ಮೀನನ್ನು ಅವರು ಬರಿಗೈಯಲ್ಲಿ ಎತ್ತಿಕೊಳ್ಳುತ್ತಾರೆ, ನೋಡುವ ನಾವು ಬೆರಳು ಊದಿಕೊಳ್ಳುತ್ತೇವೆ. ಮೂರು ವರ್ಷದ ಹಿಂದೆ ಮಗ ಹೊಸ ಮಿಷನ್ ತಂದು ಕೂರಿಸಿ, “ಅಪ್ಪಾ, ಇನ್ನ ನೀನು ಆರಾಮಾಗಿರು” ಅಂದ. ಕೆಲವರಿಗೆ ಈ ಮಾತು ಬೈಗುಳದಂತೆ ಕೇಳಿಸುತ್ತದೆ. ಬೇರೆ ಯಾರಾದರೂ ಆಗಿದ್ದರೆ ದೇವಸ್ಥಾನದ ಕಟ್ಟೆ ಹಿಡಿಯುತ್ತಿದ್ದರು. ಮಾವ ಸಿಗಡಿ ಹಿಡಿದರು.

ಹಿಡಿಯಲು ಅನುಕೂಲವೂ ಇತ್ತೆನ್ನಿ. ನಮ್ಮ ಕಡೆ ಮೀನು ಅಂದರೆ ಕೆರೆ ಮೀನು, ಮುಗಿಯಿತು. ಆದರೆ ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿಯ ಆಸುಪಾಸು ದ್ರಾಕ್ಷಿ ತೋಟಗಳಿದ್ದ ಜಾಗದಲ್ಲಿ ಗಾಜಿನ ಗೋಡೆಯ ಹೋಟೆಲುಗಳು ಎದ್ದವು. ಒಂದರ ಬೋರ್ಡಿನ ಮೇಲೆ ಏಡಿ, ಇನ್ನೊಂದರ ಮೇಲೆ ದೋಣಿ. ಹೊಸದೊಂದು ತೆರೆಯಿತೆಂದರೆ ಮಾವನಿಗೆ ಅದು ಹೇಗೋ ಗೊತ್ತಾಗುತ್ತದೆ. ಭಾನುವಾರ ಬೆಳಿಗ್ಗೆ ದೊಡ್ಡಬಳ್ಳಾಪುರದ ನನ್ನ ಮನೆಗೆ ಫೋನು ಬರುತ್ತದೆ. “ಅಳಿಯ, ಏನ್ ಮಾಡ್ತಿದೀಯ? ನಾನಾಗಲೇ ಬಸ್ ಹತ್ತಿದೀನಿ.” ಅಂದಮೇಲೆ ನಾನೇನು ಮಾಡುತ್ತಿದ್ದೆ ಅನ್ನುವುದು ಮುಖ್ಯವೇ?

ಶನಿವಾರ ಮಾವ ಮಾಂಸ ಮೀನು ಮುಟ್ಟುವುದಿಲ್ಲ. ಆ ದಿನ ಕನ್ನಡಕ ಹಾಕಿಕೊಂಡು, ಹೋಟೆಲುಗಳವರು ಹಂಚುವ ಮೆನು ಕಾಗದಗಳನ್ನು ಹರಡಿಕೊಂಡು ಓದುತ್ತಾರೆ. ಓದುವುದಕ್ಕೆ ಮಡಿ ಮೈಲಿಗೆ ಇಲ್ಲವಂತೆ.

ಒಂದು ಭಾನುವಾರದ ಕಥೆ ಹೇಳುತ್ತೇನೆ. ಹೋಟೆಲು ಹೊಸದು, ಸರ್ವರ್ ಕೂಡ ಹೊಸಬ. ಅಸ್ಸಾಮಿನ ಕಡೆಯವನು, ಮೂವತ್ತರ ಆಸುಪಾಸು, ಕನ್ನಡವನ್ನು ಆಗಷ್ಟೇ ಶ್ರದ್ಧೆಯಿಂದ ಕಲಿಯುತ್ತಿದ್ದ. ಮೀನು ತಾಜಾ ಇದೆಯೋ ಇಲ್ಲವೋ ತಿಳಿಯಬೇಕಾದರೆ ಅದರ ಕಿವಿ, ಅಂದರೆ ಕಿವಿರು, ಕೆಂಪಗಿದೆಯೇ ನೋಡಬೇಕು ಅನ್ನುವುದು ಮಾವನ ಮೊದಲ ಪಾಠ. ಹಾಗಾಗಿ ಕುರ್ಚಿಯಲ್ಲಿ ಕೂರುವ ಮೊದಲೇ, “ಎಲ್ಲಪ್ಪಾ, ಕಿವಿ ತೋರ್ಸು” ಅಂದರು. ಅವನು ಒಂದು ಗಳಿಗೆ ಯೋಚಿಸಿದ. ಗಿರಾಕಿ ದೇವರ ಸಮಾನ ಎಂದು ಅವನಿಗೆ ಯಾರೋ ಹೇಳಿಕೊಟ್ಟಿದ್ದಿರಬೇಕು. ಕೂದಲು ಸರಿಸಿ, ತಲೆ ವಾಲಿಸಿ, ತನ್ನ ಬಲಗಿವಿಯನ್ನು ಮಾವನ ಮುಂದೆ ಹಿಡಿದ. ಮಾವ ಬಗ್ಗಿ, ಸಾವಕಾಶವಾಗಿ ಪರೀಕ್ಷಿಸಿ, “ಇದು ಚೆನ್ನಾಗೈತೆ. ಈಗ ಮೀನಿಂದು ತಗೊಂಬಾ” ಅಂದರು. ಅವತ್ತಿನಿಂದ ಅವರಿಬ್ಬರಿಗೂ ಭಾರಿ ಸ್ನೇಹ. ಈಗ ಅವನೇ ಫೋನ್ ಮಾಡಿ, “ಮಾವಾ, ಇವತ್ತು ಬೇಡ, ಮೀನು ನೆನ್ನೇದು” ಎಂದು ಗುಟ್ಟಾಗಿ ಹೇಳುತ್ತಾನೆ. ಮಾಲೀಕನಿಗೆ ತಿಳಿದರೆ ಅವನ ಗತಿ ಏನೋ.

ಮುದ್ದೆಯ ಪ್ರಕರಣ ಇದಕ್ಕಿಂತ ಗಂಭೀರವಾದದ್ದು. ಮೀನು ಸಾರಿಗೆ ಅನ್ನ ಕಲಸುವುದು ಜ್ವರ ಬಂದವರ ಕೆಲಸ ಎಂದು ಮಾವನ ಅಭಿಪ್ರಾಯ. ಆದ್ದರಿಂದ ಅವರು ಹೋಟೆಲಿಗೆ ಬರುವಾಗ ಕೈಚೀಲದಲ್ಲಿ ಒಂದು ಸ್ಟೀಲ್ ಡಬ್ಬಿ, ಡಬ್ಬಿಯಲ್ಲಿ ಎರಡು ಮುದ್ದೆ. ಒಮ್ಮೆ ಬಿಳಿ ಮೇಜುಬಟ್ಟೆ ಹಾಸಿದ ಒಂದು ಹೋಟೆಲಿನಲ್ಲಿ ಮಾವ ಡಬ್ಬಿ ತೆಗೆದು ಮುದ್ದೆಯನ್ನು ತಟ್ಟೆಗೆ ಇಳಿಸಿದ್ದೇ ತಡ, ಕೋಟು ಹಾಕಿದ ಮ್ಯಾನೇಜರ್ ಬಂದು ನಿಂತರು. ನಾನು ಕಿಟಕಿಯ ಆಚೆ ನೋಡತೊಡಗಿದೆ.

“ಸರ್, ಹೊರಗಿನ ಊಟ ಒಳಗೆ ತರೋ ಹಾಗಿಲ್ಲ,” ಅಂದರು ಮ್ಯಾನೇಜರ್.

ಮಾವ ಸ್ವಲ್ಪವೂ ಸಿಟ್ಟಾಗಲಿಲ್ಲ. “ಕೂತ್ಕೊಳ್ಳಿ ಸ್ವಾಮಿ. ನಿಮ್ಮ ಮೀನು ಎಲ್ಲಿಂದ ಬಂತು?”

“ಮಂಗಳೂರಿಂದ ಸರ್.”

“ಈ ರಾಗಿ ಇಲ್ಲೇ, ನಿಮ್ಮ ಕಾಂಪೌಂಡಿಂದ ಮೂರು ಮೈಲಿ ಆಚೆ ಬೆಳೆದಿದ್ದು. ಈಗ ನೀವೇ ಹೇಳಿ, ಇದ್ರಲ್ಲಿ ಹೊರಗಿನೋರು ಯಾರು?”

ಮ್ಯಾನೇಜರ್ ಮುದ್ದೆಯ ಕಡೆ ಬಗ್ಗಿ ನೋಡುತ್ತಿರುವಾಗಲೇ ಪಕ್ಕದ ಮೇಜಿನ ಹೆಂಗಸೊಬ್ಬರು, “ಸ್ವಲ್ಪ ನಮಗೂ ಸಿಗುತ್ತಾ?” ಎಂದು ಕೇಳಿಬಿಟ್ಟರು. ಮಾವ ಎರಡನೇ ಮುದ್ದೆಯನ್ನು ಧಾರಾಳವಾಗಿ ದಾಟಿಸಿದರು. ಕೆಲವು ವಾರಗಳಲ್ಲಿ ಆ ಹೋಟೆಲಿನ ಮೆನುವಿನಲ್ಲಿ ಮುದ್ದೆಯೂ ಸೇರಿತು. ಇದರಲ್ಲಿ ಮಾವನ ಪಾತ್ರ ಎಷ್ಟೋ ನನಗೆ ತಿಳಿಯದು. ಪೂರ್ತಿ ತಮ್ಮದೇ ಎಂದು ಅವರು ವಿಜಯಪುರದ ಬಸ್ ನಿಲ್ದಾಣದಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದಾರೆ. ಹೋಗಿ ರುಚಿಯನ್ನೂ ನೋಡಿಬಂದರು. “ಗಂಟು” ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು.

ಹೋದ ವರ್ಷ ನನಗೆ ಪ್ರಮೋಷನ್ ಆಯಿತು. ಮಾವನಿಗೆ ಒಂದು ಒಳ್ಳೆಯ ಊಟ ಹಾಕಿಸೋಣ ಎಂದು, ಮಾತೆಲ್ಲ ಪಿಸುದನಿಯಲ್ಲೇ ನಡೆಯುವಂಥ ಒಂದು ಹೊಸ ಮಾದರಿಯ ರೆಸ್ಟೋರೆಂಟಿಗೆ ಕರೆದೊಯ್ದೆ. ನಲವತ್ತು ನಿಮಿಷ ಕಾದ ಮೇಲೆ ಎತ್ತಿನಗಾಡಿಯ ಚಕ್ರದಷ್ಟು ಅಗಲದ ತಟ್ಟೆ ಬಂತು. ನಟ್ಟನಡುವೆ ಮೂರು ಸಿಗಡಿ, ಮೇಲೊಂದಿಷ್ಟು ಬಿಳಿ ನೊರೆ, ಅಂಚಿನಲ್ಲಿ ಹಸಿರು ಚುಕ್ಕಿಗಳು. ಮಾವ ನೊರೆಯನ್ನು ಬೆರಳಿನಿಂದ ಮುಟ್ಟಿದರು. “ಇದು ಸಾರು ಉಕ್ಕಿದಾಗ ನಿಮ್ಮತ್ತೆ ಸೌಟಲ್ಲಿ ತೆಗ್ದು ಚೆಲ್ತಾಳಲ್ಲ, ಅದೇ ತಾನೆ?” ನಾನು ಅಲ್ಲವೆಂದೆ. ನಿಜ ಗೊತ್ತಿಲ್ಲದ ನಾನು ಅಷ್ಟೇ ಗಟ್ಟಿಯಾಗಿ ಹೌದೆನ್ನಬಹುದಿತ್ತು.

ಸಿಗಡಿ ಬಾಯಿಗಿಟ್ಟುಕೊಂಡು ಮಾವ ಕಣ್ಣು ಮುಚ್ಚಿದರು. ಆಮೇಲೆ ಅಡುಗೆ ಮಾಡಿದವರನ್ನು ಕರೆಸಬೇಕೆಂದು ಹಟ ಹಿಡಿದರು. ಬಂದವಳು ಕಾರವಾರದ ಕಡೆಯ ಹೆಣ್ಣುಮಗಳು, ಬಿಳಿ ಅಂಗಿ, ದಣಿದ ಮುಖ.

“ಒಂದು ನಿಮಿಷ ಹೆಚ್ಚು ಬೆಂದೈತೆ ಕಣಮ್ಮ,” ಅಂದರು ಮಾವ.

ಆಕೆ ಮುಖ ಗಂಟಿಕ್ಕಲಿಲ್ಲ. “ಹೌದು ಸರ್, ಇವತ್ತು ಜನ ಜಾಸ್ತಿ, ಕೈ ತಪ್ಪಿತು. ನಿಮಗೆ ಹೇಗೆ ಗೊತ್ತಾಯ್ತು?”

“ರೇಷ್ಮೆಗೂಡೂ ಹಿಂಗೇ. ಒಂದು ನಿಮಿಷ ಕಮ್ಮಿ ಬೆಂದ್ರೆ ಎಳೆ ಬರಲ್ಲ, ಒಂದು ನಿಮಿಷ ಜಾಸ್ತಿ ಆದ್ರೆ ಎಳೆ ನಿಲ್ಲಲ್ಲ. ಗಡಿಯಾರ ನೋಡಿದ್ರೆ ಆಗಲ್ಲಮ್ಮ, ನೀರಿನ ಸದ್ದು ಕೇಳ್ಬೇಕು.”

ಆಕೆ ಮಾವನನ್ನು ಅಡುಗೆಮನೆಗೇ ಕರೆದುಕೊಂಡು ಹೋದಳು. ನಾನು ಒಬ್ಬನೇ ಕೂತು ಹಸಿರು ಚುಕ್ಕಿ ಎಣಿಸಿದೆ. ಅರ್ಧ ಗಂಟೆಯ ಮೇಲೆ ತಲೆಗೆ ಬಿಳಿ ಟೋಪಿ ಹಾಕಿಕೊಂಡು ಮಾವ ಹೊರಬಂದರು. ಆಕೆ ಬಾಣಲೆ ಹಿಡಿದಿದ್ದಳಂತೆ, ಇವರು ಕಿವಿಗೊಟ್ಟು ನಿಂತು “ಈಗ ತೆಗಿ” ಅಂದರಂತೆ. ಮತ್ತೆ ಬಂದ ಸಿಗಡಿಯನ್ನು ನಾನು ತಿಂದೆ. ಸುಳ್ಳು ಯಾಕೆ ಹೇಳಲಿ, ಅಂಥ ಸಿಗಡಿಯನ್ನು ನಾನು ಈವರೆಗೆ ಮತ್ತೆಲ್ಲೂ ತಿಂದಿಲ್ಲ.

ಇಷ್ಟೆಲ್ಲ ತಿರುಗಾಟದಲ್ಲಿ ಅತ್ತೆ ಮಾತ್ರ ಒಂದು ದಿನವೂ ಬಂದವರಲ್ಲ. ಅತ್ತೆ ಸಾಸಲಿನ ಕಡೆಯವರು, ಮಾತು ಕಡಿಮೆ. ಮಾವ ಎಷ್ಟು ಕರೆದರೂ, “ಮನೇಲಿ ಒಲೆ ಇರೋರು ಹೋಟ್ಲಿಗೆ ಹೋಗ್ತಾರಾ?” ಎಂದು ಒಳಗೆ ಹೊರಟುಹೋಗುತ್ತಿದ್ದರು.

ಈ ಆಷಾಢದಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡರು. ಮೊಣಕೈವರೆಗೆ ಪ್ಲಾಸ್ಟರು. ಸೊಸೆ ಅಡುಗೆ ವಹಿಸಿಕೊಂಡಳು. ಅತ್ತೆ ಒಂದು ಮೂಲೆಯಲ್ಲಿ ಕೂತು ತಮ್ಮ ಒಲೆಯನ್ನೇ ನೋಡುತ್ತ ದಿನ ಕಳೆದರು. ಎರಡು ವಾರದಲ್ಲಿ ಊಟ ಅರ್ಧಕ್ಕಿಳಿಯಿತು. ಮಾವ ನನಗೆ ಫೋನ್ ಮಾಡಿ, “ಅಳಿಯ, ಭಾನುವಾರ ಕಾರು ತಗೊಂಬಾ” ಅಂದರು. ದನಿಯಲ್ಲಿ ಎಂದಿನ ಗತ್ತಿರಲಿಲ್ಲ.

“ಎಡಗೈಲಿ ಉಣ್ಣೋದನ್ನ ನಾಲ್ಕು ಜನ ನೋಡ್ಲಿ ಅಂತಾನಾ?” ಎಂದು ಅತ್ತೆ ಹೊರಡುವಾಗಲೂ ಗೊಣಗಿದರು. ಆದರೆ ಮಾವ ಹಿಂದಿನ ದಿನವೇ ಬಸ್ಸಿನಲ್ಲಿ ಒಬ್ಬರೇ ಹೋಟೆಲಿಗೆ ಹೋಗಿ, ಯಾರ ಕಣ್ಣಿಗೂ ಬೀಳದ ಮೂಲೆಯ ಮೇಜೊಂದನ್ನು ಹೇಳಿಟ್ಟು ಬಂದಿದ್ದರು. ಅಂದು ಅವರು ಯಾರನ್ನೂ ಏನೂ ಕೇಳಲಿಲ್ಲ. ಬಾಳೆಲೆಯಲ್ಲಿ ಸುತ್ತಿ ಇಡಿಯಾಗಿ ಬೇಯಿಸಿದ ಒಂದು ಮೀನು ತರಿಸಿದರು. ಎಲೆ ಬಿಚ್ಚಿದ ಕೂಡಲೇ ಅತ್ತೆಯ ಎಡಗೈ ತಾನಾಗಿ ಹೋಗಿ ಬಾಲದ ಭಾಗವನ್ನು ಎಳೆದುಕೊಂಡಿತು. ಮಾವ ಅದನ್ನು ಅವರ ತಟ್ಟೆಯಿಂದ ತೆಗೆದು, ನಡುವಿನ ತುಂಡು ಮುರಿದು, ಮುಳ್ಳು ಬಿಡಿಸಿ, ಒಂದು ತುತ್ತು ಮಾಡಿ ಅತ್ತೆಯ ಬಾಯ ಹತ್ತಿರ ಹಿಡಿದರು.

“ಸುಮ್ನಿರಿ, ಹುಡುಗ ಕೂತವ್ನೆ,” ಅಂದರು ಅತ್ತೆ. ಆ ಹುಡುಗ ನಾನು, ನನಗೆ ನಲವತ್ತೊಂದು.

“ಅವನು ನಮ್ಮ ಅಕ್ಕನ ಮಗ, ಹೊರಗಿನೋನೇನಲ್ಲ. ಬಾಯಿ ತೆಗಿ, ಆರೋಯ್ತದೆ.”

ಅತ್ತೆ ತಲೆ ತಗ್ಗಿಸಿಕೊಂಡೇ ಬಾಯಿ ತೆರೆದರು. ನಿಧಾನವಾಗಿ ಅಗಿದರು. ಮುಳ್ಳಿಗೋಸ್ಕರ ನಾಲಿಗೆಯಲ್ಲಿ ಹುಡುಕಿದಂತೆ ಮಾಡಿ, ಏನೂ ಸಿಗದೆ ಮಾವನ ಮುಖ ನೋಡಿದರು.

“ನಡು ತುಂಡಲ್ಲಿ ಮುಳ್ಳು ಇಷ್ಟೊಂದು ಕಮ್ಮಿ ಇರ್ತವಾ?”

ದೂರಿನ ಮಾತಾಗಿರಲಿಲ್ಲ ಅದು. ಅತ್ತೆ ನಿಜವಾಗಿಯೂ ಕೇಳಿದ್ದರು. ಮೂವತ್ತೆಂಟು ವರ್ಷ ಆ ಮನೆಯ ಮೀನನ್ನೆಲ್ಲ ಕೊಯ್ದು, ತೊಳೆದು, ಬೇಯಿಸಿ, ಎಲ್ಲರಿಗೂ ಬಡಿಸಿ, ಕೊನೆಗೆ ತಲೆಯೋ ಬಾಲವೋ ಉಳಿದದ್ದರಲ್ಲಿ ಉಂಡೆದ್ದವರು. ನಾನೂ ಎಷ್ಟೋ ಸಲ ಆ ಮನೆಯಲ್ಲಿ ನಡುವಿನ ತುಂಡು ಕೇಳಿ ಹಾಕಿಸಿಕೊಂಡು ತಿಂದಿದ್ದೇನೆ.

ಮಾವ ತಲೆ ಬಗ್ಗಿಸಿ ನಡುವಿನ ಇನ್ನೊಂದು ತುಂಡು ಮುರಿದರು. ಎರಡನೇ ತುತ್ತಿನ ಮುಳ್ಳು ಬಿಡಿಸಲು ಬಹಳ ಹೊತ್ತು ಹಿಡಿಯಿತು. ನಾವು ಅವಸರ ಮಾಡಲಿಲ್ಲ.