ವೆಬ್‌ಸೈಟಿಗೆ ಕುಂಕುಮ ಕೊಟ್ಟು ಕರೆದ ಮಾವ

ವೆಬ್‌ಸೈಟ್ ಮಾಡಿದವರು ಲೋಕದಲ್ಲಿ ಲಕ್ಷಾಂತರ ಮಂದಿ ಇರಬಹುದು. ಆದರೆ ಅದನ್ನು ನೋಡಿ ಎಂದು ಮನೆಮನೆಗೆ ಹೋಗಿ, ಕುಂಕುಮ ಕೊಟ್ಟು ಕರೆದವರು ನಮ್ಮ ಸೋದರಮಾವ ಒಬ್ಬರೇ! ಬೇಕಿದ್ದರೆ ಪಂದ್ಯ ಕಟ್ಟಿ.

ನ್ಯಾಮತಿಯಲ್ಲಿ ಮಾವನದು ಪಂಪ್‌ಸೆಟ್ ಮೋಟಾರ್ ರಿಪೇರಿ ಅಂಗಡಿ. ಹಿಂದೆ ಹೊಸ ಮನೆಯ ಗೃಹಪ್ರವೇಶಕ್ಕೆ ಜಗಳೂರಿನ ನಮ್ಮಮ್ಮನನ್ನು, ಅಂದರೆ ಒಡಹುಟ್ಟಿದ ಅಕ್ಕನನ್ನು, ಬರೀ ಫೋನಿನಲ್ಲಿ ಕರೆದುಬಿಟ್ಟರು. ಅಮ್ಮ ಹೋಗಲಿಲ್ಲ, ಮಾತೂ ಬಿಟ್ಟಳು. ಅಂಥ ಮಾವ ಒಂದು ದಿನ ನನಗೆ ಫೋನ್ ಮಾಡಿ, "ಅಳಿಯಾ, ವೆಬ್‌ಸೈಟ್ ಮಾಡಾಕೆ ಕಲ್ಸು. ನಾನೇ ಕೈಯಾರೆ ಮಾಡ್ಬೇಕು" ಎಂದರು. ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವನು, ರಜೆ ದಿನಗಳಲ್ಲಿ ನ್ಯಾಮತಿಗೆ ಹೋಗಿ ಕಲಿಸಲು ಒಪ್ಪಿಕೊಂಡೆ. ಪಕ್ಕದಲ್ಲಿ ಶೇಂಗಾ ಸುಲಿಯುತ್ತಿದ್ದ ಅಮ್ಮ ಕೇಳಿಸದವಳಂತೆ ಕೂತಿದ್ದಳು.

ಪರದೆಯ ಮೇಲೆ ತಮ್ಮ ಹೆಸರು ಮೂಡಿದ ದಿನ ಮಾವ ಅಂಗಡಿ ಸಾಲಿಗೆಲ್ಲ ಚಹಾ ಕೊಡಿಸಿದರು! ಮರುದಿನದಿಂದ ಅಲಂಕಾರ ಶುರು. ಕೆಂಪು ನೆಲ, ಹಳದಿ ಅಕ್ಷರ, ಸುತ್ತ ಮಿಣಮಿಣ ಮಿನುಗುವ ಹಸಿರು ಅಂಚು.

"ಮಾವ, ಕಣ್ಣಿಗೆ ಹೊಡೆಯುತ್ತೆ."

"ಹೊಡೀಲಿ ಬಿಡು. ಕಣ್ಣಿಗೆ ಬೀಳ್ದಿದ್ರೆ ಯಾರು ನೋಡ್ತಾರೆ?"

ಒಮ್ಮೆ ಶೀರ್ಷಿಕೆಯ ಅಕ್ಷರ ದೊಡ್ಡದು ಮಾಡುವ ಕೋಡನ್ನು ಕೊನೆಯಲ್ಲಿ ಮುಚ್ಚಲು ಮರೆತರು. ಅಲ್ಲಿಂದ ಕೆಳಗಿನ ಅಕ್ಷರವೆಲ್ಲ ಕುಂಬಳಕಾಯಿ ಗಾತ್ರ! ಸರಿಪಡಿಸಲು ಹೋದರೆ ತಡೆದರು. "ಇರ್ಲಿ ಬಿಡು, ವಯಸ್ಸಾದೋರಿಗೂ ಕಾಣ್ತೈತೆ."

ವೆಬ್‌ಸೈಟ್ ಶುರುಮಾಡಲು ಮುಹೂರ್ತವೂ ನಿಗದಿಯಾಯಿತು. ಹಿಂದಿನ ಸೀಟಿನಲ್ಲಿ ಕುಂಕುಮದ ಭರಣಿ ಹಿಡಿದ ಅತ್ತೆಯನ್ನು ಕೂರಿಸಿಕೊಂಡು ಬೈಕ್ ಹೊರಟಿತು. ಸವಳಂಗದ ಬೀಗರು, "ಊಟ ಎಲ್ಲಿ ಇಟ್ಟೀರಿ?" ಎಂದು ಕೇಳಿದರಂತೆ.

"ಊಟ ಇಲ್ರೀ. ನೀವು ಮನ್ಯಾಗೇ ಕುಂತು ನೋಡ್ರಿ."

"ಹಂಗಾದ್ರೆ ಕರ್ಯಾಕೆ ಯಾಕೆ ಬಂದ್ರಿ?"

ತ್ಯಾವಣಿಗೆಯ ಚಿಕ್ಕಮ್ಮ ಅವತ್ತು ಬೇರೆ ಮದುವೆ ಇದೆ, ಬರಲಾಗದು ಎಂದು ನೊಂದುಕೊಂಡು, ಅತ್ತೆಗೆ ಕುಪ್ಪಸದ ಬಟ್ಟೆ ಕೊಟ್ಟು ಕಳಿಸಿದರು! ನಾನು ಫೋನಿನಲ್ಲಿ ಬೇಡಿಕೊಂಡೆ, "ಮಾವ, ಲಿಂಕ್ ಕಳಿಸಿದರೆ ಸಾಕು." "ನಿಂಗೆ ಗೊತ್ತಾಗಲ್ಲ, ಸುಮ್ನಿರು" ಎಂದರು.

ಕೊನೆಗೆ ಜಗಳೂರು. ಮಾವ, ಅತ್ತೆ ನಮ್ಮ ಹೊಸ್ತಿಲಾಚೆಯೇ ನಿಂತರು. ಅಮ್ಮ ಬಾ ಎನ್ನಲಿಲ್ಲ.

"ಅಕ್ಕಾ, ನಂದೊಂದು ವೆಬ್‌ಸೈಟ್ ಶುರುವಾಗ್ತೈತೆ. ನೀನು ನೋಡ್ಬೇಕು."

"ಇಷ್ಟಕ್ಕೆ ಅಷ್ಟು ದೂರದಿಂದ ಬರ್ಬೇಕಿತ್ತಾ? ಫೋನ್ ಮಾಡಿದ್ರೆ ಆಗ್ತಿರ್ಲಿಲ್ವಾ?"

ಮಾವ ತಲೆ ತಗ್ಗಿಸಿದರು. "ಕರ್ಯಾಕೆ ಬರ್ಬೇಕು ಅಂದ್ರೆ ಮನ್ಯಾಗೆ ಏನಾದ್ರೂ ಕಾರ್ಯ ಇರ್ಬೇಕಲ್ಲಕ್ಕಾ. ಮಕ್ಳ ಮದ್ವೆ ಆಗ್ಲೇ ಮುಗ್ದಾವೆ, ಮನೇನೂ ಕಟ್ಟಿ ಆತು. ಇನ್ನೇನು ಮಾಡ್ಲಿ? ಇದನ್ನ ಕಲ್ತೆ."

ನಗಲು ಸಿದ್ಧನಾಗಿದ್ದ ನಾನು ಅಮ್ಮನ ಮುಖ ನೋಡಿದೆ. ಅಮ್ಮ ಅತ್ತೆಯ ಮುಂದೆ ಹಣೆಯೊಡ್ಡಿ ಕುಂಕುಮ ಇಡಿಸಿಕೊಂಡಳು. "ಕೈಕಾಲು ತೊಳ್ಕಂಡು ಬಾ, ರೊಟ್ಟಿ ಆರಿ ಹೋಗ್ತಾವೆ" ಎಂದು ಒಳಗೆ ನಡೆದಳು.

ಆ ಸಂಜೆ ಅಕ್ಕ ತಮ್ಮ ಎದುರುಬದುರು ಕೂತು ಉಂಡರು, ಸತ್ತವರು ಹುಟ್ಟಿದವರನ್ನೆಲ್ಲ ನೆನೆದು ಮಾತಾಡಿದರು. ಊರೂರಿಗೆ ಹೋಗಿ ಕರೆದು ಬಂದ ಮಾವ ನಮ್ಮ ಮನೆಯೊಳಗೆ ಬಂದ ಮೇಲೆ ಮತ್ತೆ ವೆಬ್‌ಸೈಟಿನ ಮಾತೇ ಎತ್ತದೆ ಹೊರಟುಹೋದರು. ಅಮ್ಮನೂ ಕೇಳಲಿಲ್ಲ.