ಒಳಗಿಂದ ಬಂದ ಬಣ್ಣ

"ಇನ್ನು ನಲವತ್ತೇ ದಿನ! ಅಷ್ಟರೊಳಗೆ ಈ ಮುಖದಿಂದ ಹತ್ತು ವರ್ಷ ಕಿತ್ತು ಬಿಸಾಡದಿದ್ರೆ ನಾನು ಬಣ್ಣ ಬೆರೆಸೋದನ್ನೇ ಬಿಟ್ಬಿಡ್ತೀನಿ!"

ಪೇಂಟ್ ಅಂಗಡಿಯ ಹಿಂದಿನ ಗೋದಾಮಿನಲ್ಲಿ, ಇಪ್ಪತ್ತು ಲೀಟರಿನ ಡಬ್ಬಗಳನ್ನು ಸಾಕ್ಷಿಗೆ ನಿಲ್ಲಿಸಿಕೊಂಡು, ನಮ್ಮ ಬೃಹಸ್ಪತಿಗಳು ಈ ಭೀಷಣ ಶಪಥ ಮಾಡಿದರು. ವಯಸ್ಸು ಐವತ್ತೆರಡು. ಬೃಹಸ್ಪತಿ ಅನ್ನುವುದು ಅಂಗಡಿಯವರು ಇಟ್ಟ ಹೆಸರು. ಗೋಡೆಯಿಂದ ಉದುರಿದ ಚೂರೊಂದನ್ನು ತಂದು ತೋರಿಸಿದರೆ ಸಾಕು, ಒಂದು ಕಣ್ಣು ಮುಚ್ಚಿ, "ಶೇಡ್ ನಂಬರು ನೂರಾ ಎಂಬತ್ತೇಳು. ಎರಡು ಹನಿ ಕಪ್ಪು ಜಾಸ್ತಿ ಬಿದ್ದಿದೆ" ಎಂದು ತೀರ್ಪು ಕೊಡುವ ಮನುಷ್ಯ. ಬಣ್ಣ ಬೆರೆಸುವ ಯಂತ್ರ ತಪ್ಪಬಹುದು, ಅವರು ತಪ್ಪಿದ್ದಿಲ್ಲ. ಈ ಮಾತನ್ನು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದವರೂ ಅವರೇ.

ಶಪಥಕ್ಕೆ ಕಾರಣ ಒಬ್ಬ ಪೇಂಟಿಂಗ್ ಮೇಸ್ತ್ರಿ. ಬಿರುಕು ಬಿಟ್ಟ ಗೋಡೆಯ ಫೋಟೋ ತೋರಿಸಿ, "ಸಾರ್, ಹೆಚ್ಚುಕಮ್ಮಿ ನಿಮ್ಮ ಹಣೆ ಥರಾನೇ ಇದೆ. ಎಷ್ಟು ಪುಟ್ಟಿ ಬೇಕಾಗ್ಬಹುದು?" ಎಂದು ಕೇಳಿಬಿಟ್ಟಿದ್ದ. ಪಾಪ, ವ್ಯಾಪಾರದ ಮಾತು. ಆದರೆ ಅದು ನೇರವಾಗಿ ಎದೆಗೆ ನಾಟಿತು.

ಅದೂ ಎಂಥ ಹೊತ್ತಿನಲ್ಲಿ! ಅವರ ಹೆಂಡತಿ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಬಟ್ಟೆ ಕತ್ತರಿಸುವವಳು. ಬೇರೆಯವರು ಗೆರೆ ಎಳೆದುಕೊಡುವುದು, ಇವಳು ಆ ಗೆರೆಯ ಮೇಲೆ ಕತ್ತರಿ ಓಡಿಸುವುದು. ಈಗ ಹೆಡ್ ಆಫೀಸಿನಲ್ಲಿ ಮೂರು ತಿಂಗಳ ತರಬೇತಿಗೆ ಇಡೀ ಕಾರ್ಖಾನೆಯಿಂದ ಅವಳೊಬ್ಬಳನ್ನೇ ಆರಿಸಿದ್ದರು. ಮುಗಿಸಿ ಬಂದರೆ ತಾನೇ ಗೆರೆ ಎಳೆಯುವ ಕಟಿಂಗ್ ಮಾಸ್ಟರ್! ಆ ಕುರ್ಚಿಯಲ್ಲಿ ಅದುವರೆಗೆ ಹೆಂಗಸೊಬ್ಬಳು ಕೂತದ್ದಿಲ್ಲ. ಐವತ್ತು ದಾಟಿದವರಿಗೆ ತರಬೇತಿ ಇಲ್ಲ, ಅವಳಿಗೆ ನಲವತ್ತೊಂಬತ್ತೂವರೆ. ಹೊರಡುವ ದಿನಕ್ಕೆ ಇನ್ನೂ ಏಳು ವಾರವಿತ್ತು. ಆದರೂ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ, ಒರೆಸಿ, ಮತ್ತೆ ಒರೆಸಿ ಮೂಲೆಯಲ್ಲಿಟ್ಟಿದ್ದಳು.

ಬೀಳ್ಕೊಡುವ ಸಭೆಯಲ್ಲಿ ಗಂಡನನ್ನೂ ವೇದಿಕೆಗೆ ಕರೆಯುತ್ತಾರಂತೆ. ಹೆಂಡತಿಯ ಪಕ್ಕದಲ್ಲಿ ಬಿರುಕು ಬಿಟ್ಟ ಗೋಡೆ ನಿಲ್ಲಬಾರದಲ್ಲ!

ಮೇಲಿಂದ ಬಳಿಯುವುದರಲ್ಲಿ ಬೃಹಸ್ಪತಿಗಳಿಗೆ ನಂಬಿಕೆಯಿಲ್ಲ. ಹೆಂಡತಿ ಕ್ರೀಮಿನ ಡಬ್ಬಿ ತೆರೆದಾಗಲೆಲ್ಲ, "ಏನೇ, ಎರಡನೇ ಕೋಟ್ ಬಳೀತಿದೀಯಾ?" ಎಂದು ಇಪ್ಪತ್ತು ವರ್ಷ ಗೋಳು ಹೊಯ್ದುಕೊಂಡವರು. ಹಾಗಾಗಿ ವಾರಪತ್ರಿಕೆಯಲ್ಲಿ ಒಬ್ಬ ಆಹಾರ ತಜ್ಞೆ ಬರೆದದ್ದು ಅವರಿಗೆ ಬಹಳ ಹಿಡಿಸಿತು. ಚರ್ಮದ ಕಾಂತಿ ಒಳಗಿಂದ ಬರಬೇಕು. ಬಣ್ಣಬಣ್ಣದ ತರಕಾರಿ, ಹಣ್ಣು, ಒಂದಿಷ್ಟು ಬಾದಾಮಿ, ಬೇಕಾದಷ್ಟು ನೀರು. ಸಕ್ಕರೆ, ಕರಿದದ್ದು ಕಡಿಮೆ. ದಿನಕ್ಕೊಂದು ಕ್ಯಾರೆಟ್ ಒಳ್ಳೆಯದು. ಎಲ್ಲವೂ ಹಿತಮಿತವಾಗಿರಲಿ.

ಹಿತಮಿತ! ಬಣ್ಣ ಬೆರೆಸುವವನ ಮುಂದೆ ಆಡುವ ಮಾತೇ ಅದು? ಒಂದು ಹನಿ ಹಾಕಿದರೆ ತಿಳಿ, ಹತ್ತು ಹನಿ ಹಾಕಿದರೆ ಗಾಢ. ಒಂದು ಕ್ಯಾರೆಟ್ಟಿಗೆ ಸ್ವಲ್ಪ ಕಾಂತಿ ಅಂದಮೇಲೆ ಎಂಟು ಕ್ಯಾರೆಟ್ಟಿಗೆ ಎಷ್ಟು? ಲೆಕ್ಕ ತಾನೇ ತಾನಾಗಿ ಆಯಿತು.

ಅಂದಿನಿಂದ ಗೋದಾಮಿನಲ್ಲಿ ಪ್ರೈಮರ್ ಡಬ್ಬಗಳ ಹಿಂದೆ ದಿನಕ್ಕೆ ಎಂಟು ಕ್ಯಾರೆಟ್, ಅರ್ಧ ಪಪ್ಪಾಯಿ, ಬೇಯಿಸಿದ ಕುಂಬಳದ ಹೋಳು ಕದ್ದುಮುಚ್ಚಿ ಒಳಗಿಳಿಯತೊಡಗಿದವು. ಮನೆಗೆ ಗೊತ್ತಾಗಬಾರದು. ಗೊತ್ತಾದರೆ ಇಪ್ಪತ್ತು ವರ್ಷದ ಗೇಲಿಯೆಲ್ಲ ಬಡ್ಡಿ ಸಮೇತ ವಾಪಸ್ಸು ಬರುತ್ತದೆ! ಮನೆಯಲ್ಲಿ ಮಾತ್ರ, "ಹಸಿವಿಲ್ಲ ಕಣೇ", "ಎಣ್ಣೆ ವಾಸನೆ ಆಗ್ತಿಲ್ಲ", "ಕಾಫಿ ಬೇಡ". ಹೆಂಡತಿ ಬಡಿಸಿದ ತಟ್ಟೆ ಅರ್ಧಕ್ಕರ್ಧ ಹಾಗೇ ಅಡುಗೆಮನೆಗೆ ವಾಪಸ್ಸು ಹೋಗುತ್ತಿತ್ತು.

ಮೂರನೇ ವಾರ ಅಂಗೈ ಹಳದಿಯಾಯಿತು. ನಾಲ್ಕನೇ ವಾರ ಮೂಗಿನ ತುದಿ. ಐದನೇ ವಾರ ಮುಖಕ್ಕೆ ಮುಖವೇ! ಊರಿಗೆಲ್ಲ ಬಣ್ಣ ಗುರುತಿಸಿ ಕೊಡುವ ಕಣ್ಣು ಕನ್ನಡಿಯೆದುರು ನಿಂತು, "ಆಹಾ, ಚಿನ್ನದ ಹೊಳಪು!" ಅಂದಿತು. ಮೇಸ್ತ್ರಿ ಅವರ ಕೆನ್ನೆಯ ಪಕ್ಕ ಶೇಡ್ ಕಾರ್ಡು ಹಿಡಿದು ನೋಡಿ, "ಸಾರ್, ನೀವು ಮುನ್ನೂರ ಹನ್ನೆರಡು, ತಿಳಿ ಕಿತ್ತಳೆ! ಹುಷಾರಾಗಿದೀರಿ ತಾನೇ?" ಎಂದ. ಬೃಹಸ್ಪತಿಗಳು ಅಂಗಡಿಯ ಬಲ್ಬನ್ನು ಬೈದರು. ಮನೆಯ ಬಲ್ಬುಗಳನ್ನೂ ಬದಲಾಯಿಸಿದರು. ಬೆಳ್ಳನೆಯ ಬೆಳಕಿನಲ್ಲಿ ಮುಖ ಇನ್ನಷ್ಟು ಹಳದಿಯಾಗಿ ಎದ್ದು ಕಂಡಿತು!

ಆ ಬೆಳಕಿನಲ್ಲೇ ಹೆಂಡತಿ ಅವರನ್ನು ಸರಿಯಾಗಿ ನೋಡಿದ್ದು. ಅವಳ ಕೈಯಿಂದ ಸೌಟು ಜಾರಿತು.

"ಏನ್ರೀ ಇದು! ಕೈ ತೋರಿಸಿ. ಅಯ್ಯೋ, ಕಾಮಾಲೆ! ಊಟ ಸೇರ್ತಿಲ್ಲ, ಮೈ ಇಳಿದಿದೆ... ನಮ್ಮಪ್ಪನಿಗೂ ಹೀಗೇ ಶುರುವಾಗಿದ್ದು. ಹದಿನೈದು ದಿನ ಕೂಡ ಉಳೀಲಿಲ್ಲ."

"ಏನೂ ಆಗಿಲ್ಲ ಸುಮ್ನಿರೇ!"

"ಆಗಿಲ್ಲ ಅಂತ ನೀವು ಹೆಂಗೆ ಹೇಳ್ತೀರಿ?"

ಹೇಗೆ ಹೇಳುತ್ತಾರೆಂದರೆ, ಅವರಿಗೆ ಚೆನ್ನಾಗಿ ಗೊತ್ತಿತ್ತು! ಅಲ್ಲೇ, ಆಗಲೇ, "ಕ್ಯಾರೆಟ್ ತಿಂದೆ ಕಣೇ" ಅಂದಿದ್ದರೆ ಒಂದು ಗಂಟೆ ನಗು, ಒಂದು ತಿಂಗಳು ಗೇಲಿ, ಅಲ್ಲಿಗೆ ಮುಗಿಯುತ್ತಿತ್ತು. ಮಾತು ನಾಲಗೆಯ ತುದಿಯವರೆಗೂ ಬಂತು. ಜಂಭ ಅದನ್ನು ಹಿಡಿದು ಹಿಂದಕ್ಕೆ ನೂಕಿತು.

ಮರುದಿನವೇ ಡಾಕ್ಟರ ಬಳಿಗೆ ಮೆರವಣಿಗೆ. ಹೊರಗೆ ಐವತ್ತು ಜನ ಕಾಯುತ್ತಿದ್ದರು. ಡಾಕ್ಟರು ಅವರ ಕಣ್ಣಿನ ರೆಪ್ಪೆ ಅಗಲಿಸಿ ನೋಡಿ, "ಬಿಳಿ ಭಾಗ ಬೆಳ್ಳಗೇ ಇದೆಯಲ್ಲ, ವಿಚಿತ್ರ. ಊಟ ಏನು ಮಾಡ್ತೀರಿ?" ಎಂದರು.

ಹೆಂಡತಿ ಪಕ್ಕದಲ್ಲೇ ಸೆರಗು ಹಿಂಡುತ್ತ ನಿಂತಿದ್ದಳು. "ಮನೆ ಊಟ ಡಾಕ್ಟ್ರೇ, ಬೇರೇನಿಲ್ಲ" ಎಂದರು ಬೃಹಸ್ಪತಿಗಳು.

ರಕ್ತ ಪರೀಕ್ಷೆಯಾಯಿತು. ಎಲ್ಲ ಸರಿಯಾಗಿತ್ತು. ಸರಿಯಾಗಿದ್ದುದೇ ಅವಳಿಗೆ ಇನ್ನೂ ಭಯ: ಪರೀಕ್ಷೆಗೂ ಸಿಗದ ಕಾಯಿಲೆ! ಮತ್ತೊಂದು ಪರೀಕ್ಷೆ, ಆಮೇಲೆ ಸ್ಕ್ಯಾನು. ಅದರ ವರದಿಗೆ ಶುಕ್ರವಾರದವರೆಗೆ ಕಾಯಬೇಕು. ಅವಳು ತರಬೇತಿಗೆ ಹೊರಡಬೇಕಾದದ್ದು ಅದರ ಮುಂದಿನ ಸೋಮವಾರ. ಬೀಳ್ಕೊಡುವ ಸಭೆಯನ್ನು ಅವಳೇ ಮುಂದಕ್ಕೆ ಹಾಕಿಸಿದ್ದಳು. ಬೃಹಸ್ಪತಿಗಳು ಗೋದಾಮಿಗೆ ಹೋಗಿ ಚಿಂತೆಗೆ ಇನ್ನೆರಡು ಕ್ಯಾರೆಟ್ ತಿಂದರು. ಚಟ ಅಂದರೆ ಹಾಗೆ!

ಬುಧವಾರ ಬೆಳಿಗ್ಗೆ ಅವಳು ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತು ಕೇಳಿದಳು:

"ರೀ, ಇವತ್ತು ಮ್ಯಾನೇಜರಿಗೆ ಹೇಳ್ಬೇಕು. ಟ್ರೈನಿಂಗಿಗೆ ಹೋಗ್ಲಾ? ಬೇಡ್ವಾ?"

ಇಷ್ಟು ಸಣ್ಣ ಪ್ರಶ್ನೆ. ಇದಕ್ಕಿಂತ ಒಳ್ಳೆಯ ಅವಕಾಶ ಇನ್ನೆಲ್ಲಿ ಸಿಕ್ಕೀತು? ವರದಿ ಶುಕ್ರವಾರ ಬರುತ್ತದೆ, ಎಲ್ಲ ಸರಿಯಿದೆ ಅನ್ನುತ್ತಾರೆ, ಇವಳು ಹೊರಡುತ್ತಾಳೆ, ತನ್ನ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ ಎಂದು ಅವರು ಲೆಕ್ಕ ಹಾಕಿದರು.

"ನಿನ್ನಿಷ್ಟ" ಎಂದರು.

ಅವಳು ಎದ್ದು, ಮುಖ ತೊಳೆದು, ಕಾರ್ಖಾನೆಗೆ ಹೋಗಿ ತನ್ನ ಹೆಸರು ತೆಗೆಸಿ ಬಂದಳು.

ಶುಕ್ರವಾರ ವರದಿ ಬಂತು. ಡಾಕ್ಟರು ತಲೆ ಕೆರೆದುಕೊಂಡು, "ಲಿವರು ಹುಡುಗರದ್ದಿದ್ದ ಹಾಗಿದೆ! ಎಲ್ಲಿ, ಮಲ್ಕೊಳ್ಳಿ, ಹೊಟ್ಟೆ ನೋಡೋಣ" ಎಂದರು. ಬೃಹಸ್ಪತಿಗಳು ಮಂಚದ ಮೇಲೆ ಅಡ್ಡಾದರು. ಪ್ಯಾಂಟಿನ ಜೇಬಿನಿಂದ ಎರಡು ಕ್ಯಾರೆಟ್ ಜಾರಿ, ಟಪಟಪನೆ ನೆಲಕ್ಕೆ ಬಿದ್ದು, ಉರುಳಿಕೊಂಡು ಹೋಗಿ ಹೆಂಡತಿಯ ಚಪ್ಪಲಿಗೆ ತಾಗಿ ನಿಂತವು.

ಡಾಕ್ಟರು ಕ್ಯಾರೆಟ್ ನೋಡಿದರು. ಅಂಗೈ ನೋಡಿದರು. ಮತ್ತೆ ಕ್ಯಾರೆಟ್ ನೋಡಿದರು.

"ದಿನಕ್ಕೆ ಎಷ್ಟು?"

"ಎಂಟು."

"ಎಷ್ಟು ದಿನದಿಂದ?"

"ನಲವತ್ತು."

ಡಾಕ್ಟರು ನಕ್ಕರು ನೋಡಿ, ಹೊರಗೆ ಕಾಯುತ್ತಿದ್ದವರೆಲ್ಲ ಬಾಗಿಲಲ್ಲಿ ಇಣುಕಿದರು! "ಕಾಯಿಲೆನೂ ಇಲ್ಲ, ಮಣ್ಣೂ ಇಲ್ಲ. ತಿನ್ನೋದು ನಿಲ್ಸಿ, ಬಣ್ಣ ತಾನಾಗೇ ಇಳಿಯುತ್ತೆ. ಯಾಕೆ ಸ್ವಾಮಿ ತಿಂದಿದ್ದು?"

"ಚರ್ಮ... ಸ್ವಲ್ಪ ಚಿಕ್ಕ ವಯಸ್ಸಿನವರ ಥರ..." ಎನ್ನುತ್ತ ಬೃಹಸ್ಪತಿಗಳು ಜೇಬಿನ ಮೇಲೆ ಕೈಯಿಟ್ಟುಕೊಂಡರು.

ಹೆಂಡತಿ ಬಗ್ಗಿ ಎರಡೂ ಕ್ಯಾರೆಟ್ಟನ್ನು ಎತ್ತಿ ಡಾಕ್ಟರ ಮೇಜಿನ ಮೇಲಿಟ್ಟಳು. ಬೈದರೆ ಬೈಸಿಕೊಳ್ಳಬಹುದಿತ್ತು. ಅವಳು ಹೊರಗೆ ಬಂದು ಆಟೋ ಹತ್ತಿದಳು.

ಶನಿವಾರ ಬೃಹಸ್ಪತಿಗಳು ಕಾರ್ಖಾನೆಗೇ ಓಡಿದರು. ಮ್ಯಾನೇಜರ ಮುಂದೆ, ಗುಮಾಸ್ತರ ಮುಂದೆ, ಚಹಾ ಕೊಡಲು ಬಂದವನ ಮುಂದೆ, ಕ್ಯಾರೆಟ್ಟಿನ ಕಥೆಯನ್ನು ಆದಿಯಿಂದ ಅಂತ್ಯದವರೆಗೆ ಒಪ್ಪಿಸಿದರು. ಕೈ ಮುಗಿದರು. ಮ್ಯಾನೇಜರು ನಗು ತಡೆದುಕೊಂಡು, ಆಮೇಲೆ ನಗು ಮರೆತು ಹೇಳಿದರು: "ಗುರುವಾರವೇ ಕಿರಿಯಳೊಬ್ಬಳ ಹೆಸರು ಕಳಿಸಿಬಿಟ್ವಿ. ಹೆಡ್ ಆಫೀಸಿನವರು ಒಪ್ಪಿ ಆರ್ಡರೂ ಬಂತು, ಇನ್ನು ನನ್ನ ಕೈಲಿಲ್ಲ. ಮುಂದಿನ ವರ್ಷ ಕಳಿಸೋಣ ಅಂದ್ರೆ ನಿಮ್ಮ ಮನೆಯವರಿಗೆ ಐವತ್ತು ದಾಟುತ್ತೆ."

ಮುಖದಿಂದ ವರ್ಷ ಕೀಳಲು ಹೊರಟವರು ಹೆಂಡತಿಗಿದ್ದ ಒಂದೇ ಒಂದು ವರ್ಷವನ್ನು ಕಿತ್ತುಕೊಂಡಿದ್ದರು. ದಾರಿಯುದ್ದಕ್ಕೂ ಬೇರೇನೂ ಹೊಳೆಯಲಿಲ್ಲ. ಮನೆಗೆ ಬಂದು, "ತಪ್ಪಾಯ್ತು ಕಣೇ" ಎಂದರು. "ಊಟಕ್ಕೆ ಬನ್ನಿ" ಎಂದಳು. ತಟ್ಟೆಯಲ್ಲಿದ್ದುದನ್ನು ಒಂದಗುಳೂ ಬಿಡದೆ ತಿಂದರು. ಯಾವುದರ ರುಚಿಯೂ ನಾಲಗೆಗೆ ತಿಳಿಯಲಿಲ್ಲ.

ಭಾನುವಾರ ಮಧ್ಯಾಹ್ನ ಆ ಕಿರಿಯಳು ಹೇಳಿ ಹೋಗಲು ಬಂದಳು. "ಅಕ್ಕಾ, ನಿಮ್ಮ ಜಾಗಕ್ಕೆ ಹೋಗ್ತಿದೀನಿ ಅಂತ ಕೋಪ ಇಲ್ಲ ತಾನೇ?" ಎನ್ನುವಾಗ ಅವಳ ಕಣ್ಣು ತುಂಬಿತ್ತು.

"ಹುಚ್ಚಿ, ಕೋಪ ಯಾಕೆ? ಚೆನ್ನಾಗಿ ಕಲ್ತು ಬಾ. ಗೆರೆ ಎಳೆಯೋದು ಹೆಂಗೆ ಅಂತ ಬಂದು ನನಗೂ ಹೇಳ್ಕೊಡು." ಹೆಂಡತಿ ಒಳಗೆ ಹೋಗಿ ತನ್ನ ದೊಡ್ಡ ಕತ್ತರಿಯನ್ನು ತಂದು, ಬಟ್ಟೆಯಲ್ಲಿ ಸುತ್ತಿ ಅವಳ ಕೈಗಿಟ್ಟಳು. ಬೃಹಸ್ಪತಿಗಳು ಬಾಗಿಲ ಪಕ್ಕ, ಕುರ್ಚಿಯಿದ್ದರೂ ನಿಂತೇ ಇದ್ದರು.

ಹೊರಟ ಕಿರಿಯಳು ಅವರನ್ನು ನೋಡಿ ಥಟ್ಟನೆ ನಿಂತಳು.

"ಭಾವ, ಕಾಯಿಲೆ ಅಂತಿದ್ರಲ್ಲ! ಮುಖ ಏನು ಹೊಳೀತಿದೆ! ಒಂದು ಸುಕ್ಕೂ ಕಾಣ್ತಿಲ್ಲ. ಏನು ಗುಟ್ಟು, ನಮಗೂ ಹೇಳಿ!"

ಇಷ್ಟು ದಿನ ಯಾರಾದರೂ ಆಡಲಿ ಎಂದು ಕಾದಿದ್ದ ಮಾತು! ಬೃಹಸ್ಪತಿಗಳು ಹೆಂಡತಿಯ ಕಡೆ ನೋಡಿದರು.

"ನಾನು ಹೇಳ್ತೀನಿ" ಎಂದಳು ಹೆಂಡತಿ. ಹನ್ನೊಂದು ದಿನದಿಂದ ನಿದ್ದೆಗೆಟ್ಟ ಅವಳ ಕಣ್ಣುಗಳ ಕೆಳಗೆ ಕಪ್ಪು ಇಳಿದಿತ್ತು. "ನಿದ್ದೆ ಕಣೇ. ನಾನು ತಲೆ ಹತ್ರ ಕೂತು ಇವರ ಉಸಿರು ಎಣಿಸ್ತಿದ್ರೆ, ಇವರು ಗೊರಕೆ ಹೊಡೀತಿದ್ರು. ಏನೂ ಆಗಿಲ್ಲ ಅಂತ ಗೊತ್ತಿದ್ದವರಿಗೆ ನಿದ್ದೆ ಚೆನ್ನಾಗಿ ಬರುತ್ತೆ."