ಡ್ರಾಯಿಂಗ್ ಮಾಸ್ತರು ಕಾರು ತಗ್ಗಿಸಿದ್ದು

ಕಾರು ಕೆಟ್ಟವರು ಗ್ಯಾರೇಜಿಗೆ ಬರುವುದು ಲೋಕರೂಢಿ. ಇಳಕಲ್ಲಿನ ನನ್ನ ಗ್ಯಾರೇಜಿಗೆ ಮಾತ್ರ ಚೆನ್ನಾಗಿ ಓಡುವ ಕಾರಿನವರೂ ಬರುತ್ತಿದ್ದರು, ಅದನ್ನು ಕೆಡಿಸಿಕೊಡಿ ಎಂದು ಕೇಳಲು. ಎಂಬತ್ತರ ದಶಕದ ಆರಂಭದಲ್ಲಿ ಹುನಗುಂದದ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರು ಬಂದದ್ದೂ ಹೀಗೆಯೇ.

೧. ಚಿತ್ರ

ಮಾಸ್ತರ ಕಾರು ಕೆಂಪು ಬಣ್ಣದ್ದು, ಎರಡೇ ಬಾಗಿಲಿನದು, ಹುಟ್ಟಿನಿಂದ ಸ್ಪೋರ್ಟ್ಸ್ ಕಾರು. ಆದರೆ ಹಿಂದಿನ ಮಾಲೀಕ ಕಲ್ಲಿನ ಗಣಿಗೆ ಓಡಾಡುವ ಮನುಷ್ಯ. ಉದ್ದನೆಯ ಸ್ಪ್ರಿಂಗ್ ಹಾಕಿಸಿ ಅದನ್ನು ಎತ್ತರ ಮಾಡಿಬಿಟ್ಟಿದ್ದ. ಮಾಸ್ತರು ಅದರಲ್ಲಿ ಬಾಗಲಕೋಟೆಗೆ ಕನ್ಯಾ ನೋಡಲು ಹೋದಾಗ ಹುಡುಗಿಯ ಕಾಕಾ, "ಕೆಸರಿನ್ಯಾಗ ಸೀರಿ ಎತ್ತಿ ಹಿಡದು ನಿಂತಂಗ ಅದ ನಿಮ್ಮ ಗಾಡಿ" ಎಂದರಂತೆ. ಆ ಸಂಬಂಧ ಕೂಡಲಿಲ್ಲ. ಮಾಸ್ತರಿಗೆ ಆಗಲೇ ಮೂವತ್ತಮೂರು. ಮುಂದಿನ ತಿಂಗಳು ಬಾದಾಮಿಗೆ ಹೋಗುವುದಿತ್ತು. ಅಲ್ಲಿಯ ಕನ್ಯೆಯೂ ಟೀಚರ್. ಇದೂ ಗಾಡಿಯ ದೆಸೆಯಿಂದಲೇ ತಪ್ಪಿಹೋದೀತೆಂದು ಪಾಪ, ಅವರಿಗೆ ನಿದ್ದೆ ಇರಲಿಲ್ಲ.

ಸುರುಳಿ ಬಿಚ್ಚಿ ಒಂದು ಚಿತ್ರ ತೋರಿಸಿದರು. ಅಗಲವಾದ ಗಾಲಿ, ನೆಲ ನೆಕ್ಕುವಂಥ ಹೊಟ್ಟೆ.

"ನೆಲಕ್ಕೂ ಗಾಡಿಗೂ ಎಷ್ಟು ಅಂತರ ಬಿಡ್ಲಿರಿ?" ಎಂದೆ.

"ನಾಕು ಬೆರಳು ಸಾಕು."

"ಹುನಗುಂದದ ರಸ್ತಾ ಇದರಾಗ ಎಲ್ಲಿ ಐತ್ರಿ?"

"ರಸ್ತಾ ನಾ ತಗದಿಲ್ಲ."

"ಅದಕ್ಕ ಗಾಡಿ ಇಷ್ಟು ಚಂದ ಕಾಣಾಕತ್ತೈತ್ರಿ."

೨. ಗಾಲಿ

ಅಗಲ ಗಾಲಿ ಹುಡುಕಿಕೊಂಡು ಬಾಗಲಕೋಟೆಯ ಗುಜರಿ ಅಂಗಡಿಗೆ ಹೋದೆವು. ನಮ್ಮ ಕಾರಿಗೆ ನಾಲ್ಕು ಬೋಲ್ಟು, ಅಂಗಡಿಯವನು ತೋರಿಸಿದ ಗಾಲಿಗೆ ಐದು ತೂತು. ಇದು ಕೂಡುವುದಿಲ್ಲ ಎಂದರೆ, "ಕಡಿಮಿ ಇದ್ರ ಕೇಳ್ರಿ, ಹೆಚ್ಚಿಗಿ ಇದ್ರ ನಿಮಗೇನು ತ್ರಾಸ?" ಎಂದು ನಮ್ಮನ್ನೇ ಗದರಿಸಿದ.

ಕಡೆಗೆ ನಾಲ್ಕು ತೂತಿನವೇ ಸಿಕ್ಕವು. ತಂದು ಹಾಕಿದೆ. ಕಾರು ಎಡಕ್ಕೆ ಲಕ್ಷಣವಾಗಿ ತಿರುಗಿತು. ಬಲಕ್ಕೆ ತಿರುಗಿಸಿದರೆ ಮಾತ್ರ ಗಾಲಿ ಮಡ್‌ಗಾರ್ಡಿಗೆ ಉಜ್ಜಿ ಕಿರುಚುತ್ತಿತ್ತು. ಮಾಸ್ತರು ಗಲ್ಲಕ್ಕೆ ಕೈಹಚ್ಚಿ ಬಹಳ ಹೊತ್ತು ಯೋಚಿಸಿದರು.

"ಎಡಕ್ಕಷ್ಟ ತಿರುಗಿ ಬಾದಾಮಿ ಮುಟ್ಟೂದು ಆಗ್ತದೇನ್ರಿ?"

"ಆಗ್ತೈತ್ರಿ. ನೀವು ಮುಟ್ಟೂದ್ರಾಗ ಆಕೀಗೆ ಮೊಮ್ಮಕ್ಕಳಾಗಿರ್ತಾವು."

ಹಳೆಯ ಗಾಲಿಗಳನ್ನೇ ಮತ್ತೆ ಹಾಕಿದೆ. ಮಾಸ್ತರು ಎರಡು ರವಿವಾರ ನೆಲದ ಮೇಲೆ ಕುಳಿತು, ಅವುಗಳ ಮೇಲೆ ಬೆಳ್ಳಿ ಬಣ್ಣದಲ್ಲಿ ಪರದೇಶದ ಗಾಲಿಗಳ ಚಿತ್ರ ಬಿಡಿಸಿದರು. ಖರೆ ಹೇಳುತ್ತೇನೆ, ದೂರದಿಂದ ನೋಡಿ ನಾನೇ ಮೋಸಹೋದೆ. ಹತ್ತಿರ ಹೋಗಿ ಮುಟ್ಟಿ ನೋಡಿದ ಊರವರನ್ನು ಮುಂದೆ ಎಂಟು ದಿನ ಬೆರಳಿಗಂಟಿದ ಬೆಳ್ಳಿ ಬಣ್ಣದಿಂದಲೇ ಗುರುತು ಹಿಡಿಯಬಹುದಾಗಿತ್ತು.

೩. ಸ್ಪ್ರಿಂಗು

ಉಳಿದದ್ದು ಸ್ಪ್ರಿಂಗು. ಅದನ್ನು ಕೊಯ್ಯಲು ನನಗೆ ಮನಸ್ಸಿರಲಿಲ್ಲ, ಕೊಯ್ದ ಸ್ಪ್ರಿಂಗು ಮತ್ತೆ ಬೆಳೆಯುವುದಿಲ್ಲ. ಎಷ್ಟು ತಗ್ಗಿದರೆ ಚಂದ ಎಂದು ಮೊದಲು ಭಾರ ಹಾಕಿ ನೋಡೋಣ ಎಂದೆ. ಜೋಳದ ಚೀಲ ಇಟ್ಟೆವು, ಮಾಸ್ತರು ತಲೆ ಅಲ್ಲಾಡಿಸಿದರು. ಕಲ್ಲಿನ ಹಾಸು ಇಟ್ಟೆವು, ಕಾರು ಒಂದು ಕಡೆಗೆ ವಾಲಿತು. ಎಲ್ಲ ಇಳಿಸಿ ಬೆವರು ಒರೆಸಿಕೊಳ್ಳುತ್ತಿದ್ದಾಗ, ಸೀರೆ ಖರೀದಿಗೆಂದು ಇಳಕಲ್ಲಿಗೆ ಬಂದಿದ್ದ ಮಾಸ್ತರ ತಾಯಿ ಮತ್ತು ಇಬ್ಬರು ಮೌಶಿಯರು, ಅಂದರೆ ತಾಯಿಯ ಅಕ್ಕತಂಗಿಯರು, ಬಂದರು. ಮೂವರೂ ಮೈತುಂಬಿಕೊಂಡ ಹೆಣ್ಣುಮಕ್ಕಳು. "ಬಿಸಲು ಭಾಳ ಅದವ್ವಾ" ಎನ್ನುತ್ತ ಸೀದಾ ಕಾರು ಹತ್ತಿ ಕುಳಿತರು.

ಕಾರು ನಿಧಾನಕ್ಕೆ ಕೆಳಗಿಳಿದು, ಚಿತ್ರದಲ್ಲಿ ಇದ್ದಷ್ಟಕ್ಕೇ ಬಂದು ನಿಂತಿತು!

"ಹಿಂಗ! ಹಿಂಗ ಆಗಬೇಕು ನೋಡ್ರಿ!" ಎಂದು ಮಾಸ್ತರು ಕುಣಿದಾಡಿದರು.

ಹಿಂದಿನ ಸೀಟಿನ ದೊಡ್ಡ ಮೌಶಿ ಗಾಬರಿಯಾಗಿ, "ಏನಾತೋ? ಇಳೀಬೇಕೇನು?" ಎಂದರು.

"ಬ್ಯಾಡ ಮೌಶಿ! ನನ್ನ ಲಗ್ನ ಆಗೂ ತನಕಾ ಇಳೀಬ್ಯಾಡ!"

೪. ಬಾದಾಮಿ

ಕನ್ಯಾ ನೋಡಲು ಆ ಮೂವರನ್ನೂ ಕೂಡಿಸಿಕೊಂಡು ಹೊರಟರು. ಸ್ಪ್ರಿಂಗು ತಾಳುತ್ತದೋ ಇಲ್ಲವೋ ಎಂದು ಪಾನಾ, ಸ್ಕ್ರೂಡ್ರೈವರು ಕಟ್ಟಿಕೊಂಡು ಮೋಟರ್‌ಸೈಕಲ್ ಮೇಲೆ ನಾನೂ ಬೆನ್ನುಹತ್ತಿದೆ.

ಕೆಂಪು ಕಾರು ಬೆಳ್ಳಿ ಗಾಲಿ ಹೊಳೆಸುತ್ತ, ನೆಲಕ್ಕಂಟಿಕೊಂಡು ಹುಡುಗಿಯ ಮನೆ ಮುಂದೆ ಬಂದು ನಿಂತಿತು. ಕಟ್ಟೆಯ ಮೇಲೆ ಹುಡುಗಿಯ ಅಜ್ಜ, ತಂದೆ, ನೆರೆಯವರು. ಕಿಟಕಿಯಲ್ಲಿ ಹುಡುಗಿ. ಎಲ್ಲರ ಕಣ್ಣೂ ಕಾರಿನ ಮೇಲೆಯೇ. ಮಾಸ್ತರು ಎದೆಯುಬ್ಬಿಸಿ ಇಳಿದರು. ಕುಳಿತವರು ಇಳಿಯಲೇಬೇಕು ಎಂಬುದು ಅವರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ತಾಯಿ ಇಳಿದರು. ಕಾರು ಕಿರ್ ಎಂದು ತುಸು ಎದ್ದಿತು. ಸಣ್ಣ ಮೌಶಿ ಇಳಿದರು, ಇನ್ನಷ್ಟು ಎದ್ದಿತು. ದೊಡ್ಡ ಮೌಶಿ ಕಾಲು ಕೆಳಗಿಟ್ಟದ್ದೇ ತಡ, ಧಡಕ್ಕನೆ ನೆಟ್ಟಗೆ ಎದ್ದು ನಿಂತಿತು. ಮಾಸ್ತರು ಎರಡೂ ಕೈಯಿಂದ ಬಾನೆಟ್ಟನ್ನು ಕೆಳಕ್ಕೆ ಒತ್ತಿ ನೋಡಿದರು.

ಅಜ್ಜ ಕೋಲೂರಿಕೊಂಡು ಕಟ್ಟೆಯಿಂದ ಇಳಿದು, ಕಾರನ್ನು ಒಂದು ಸುತ್ತು ನೋಡಿದರು.

"ನಮ್ಮ ಮನಿ ಮುಂದ ಭಾಳ ಗಾಡಿ ಬಂದಾವು. ಹಿರೇರನ್ನ ಕಂಡು ಎದ್ದು ನಿಂತ ಗಾಡಿ ಇದೊಂದ ನೋಡಪಾ! ಗಾಡಿಗೇ ಇಷ್ಟು ಸಂಸ್ಕಾರ ಅದ ಅಂದ್ರ ಹುಡುಗಗ ಎಷ್ಟಿರಬಾರದು!"

ಕಿಟಕಿಯೊಳಗಿನಿಂದ ಕಿಲಕಿಲ ನಗು ಬಂತು. ಆ ನಗುವಿನಲ್ಲೇ ಸಂಬಂಧ ಕೂಡಿತೆಂದು ನನಗೆ ಗೊತ್ತಾಗಿ, ಮಾಸ್ತರಿಗಿಂತ ಮೊದಲು ನನ್ನ ಕಣ್ಣೇ ತುಂಬಿತು.

ಲಗ್ನವಾದ ಮೇಲೆ ಮಾಸ್ತರು ಗ್ಯಾರೇಜಿಗೆ ಬಂದಾಗ, "ಈಗರೆ ಸ್ಪ್ರಿಂಗ್ ಕೊಯ್ದು ಕೊಡ್ಲೇನ್ರಿ?" ಎಂದು ಕೇಳಿದೆ.

"ಮುಟ್ಟಬ್ಯಾಡ್ರಿ!" ಎಂದು ಅಡ್ಡ ಬಂದರು. "ಮುಂದಿನ ವಾರ ಮೌಶಿಗೋಳ್ನ ಕರ್ಕೊಂಡು ಮಾವನ ಮನಿಗೆ ಹೊಂಟೇನಿ. ಅದು ಎದ್ದು ನಿಲ್ಲಲಿಲ್ಲಂದ್ರ ಅಜ್ಜಾರು ಏನಂದಾರು?"